ಮಗ್ಗದ ಗಿಯರಿನಿಂದ ಸೊಂಟದ ಕೀಲಿಗೆ

ತೊಡೆಮೂಳೆಯ ತುದಿಯಲ್ಲೊಂದು ಗುಂಡು, ಅದು ತಿರುಗಲು ಸೊಂಟದ ಮೂಳೆಯಲ್ಲೊಂದು ಬಟ್ಟಲು, ಎರಡಕ್ಕೂ ನುಣುಪಾದ ಮೃದ್ವಸ್ಥಿಯ ಹೊದಿಕೆ. ಸೊಂಟದ ಕೀಲೆಂದರೆ ಇಷ್ಟೆ. ಹೊದಿಕೆ ಸವೆದು ಮೂಳೆಗೆ ಮೂಳೆ ಉಜ್ಜತೊಡಗಿದರೆ ಮೆಟ್ಟಿಲು ಹತ್ತುವುದಿರಲಿ, ಮಲಗಿದಲ್ಲಿ ಮಗ್ಗುಲು ಬದಲಿಸುವುದೂ ಯಾತನೆ. ವ್ಯಾಯಾಮ, ತೂಕ ಇಳಿಕೆ, ಔಷಧ ಯಾವುದಕ್ಕೂ ನೋವು ಬಗ್ಗದಿದ್ದಾಗ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ. ಹಿಂದೆ ವೈದ್ಯರು ಮೂಳೆ ಕತ್ತರಿಸಿ ಭಾರ ಬೀಳುವ ದಿಕ್ಕು ಬದಲಿಸುತ್ತಿದ್ದರು, ಇಲ್ಲವೇ ಕೀಲನ್ನೇ ಬೆಸೆಯುತ್ತಿದ್ದರು. ಬೆಸೆದರೆ ನೋವಿನ ಜೊತೆ ಚಲನೆಯೂ ಹೋಗುತ್ತಿತ್ತು.

ನೋವು ಹೋಗಬೇಕು, ಚಲನೆ ಉಳಿಯಬೇಕು ಎಂದು ಹಟ ಹಿಡಿದವರು ಇಂಗ್ಲೆಂಡಿನ ಲ್ಯಾಂಕಶೈರ್‌ನ ರೈಟಿಂಗ್‌ಟನ್ ಆಸ್ಪತ್ರೆಯ ಜಾನ್ ಚಾರ್ನ್‌ಲಿ. 1950ರ ದಶಕದ ಕೊನೆಯಲ್ಲಿ ಅವರು ಉಕ್ಕಿನ ಗುಂಡಿಗೆ ಟೆಫ್ಲಾನ್ ಬಟ್ಟಲು ಜೋಡಿಸಿದರು. ರೋಗಿಗಳು ಸಲೀಸಾಗಿ ನಡೆದರು. ಆದರೆ ಎರಡು ಮೂರು ವರ್ಷಗಳಲ್ಲೇ ಬಟ್ಟಲು ಸವೆಯಿತು. ಸವೆತಕ್ಕಿಂತ ಕೆಟ್ಟದ್ದು ಅದರಿಂದೆದ್ದ ಪುಡಿ. ದೇಹದ ರಕ್ಷಕ ಕೋಶಗಳು ಅದನ್ನು ನುಂಗುತ್ತವೆ, ಅರಗಿಸಲಾರವು. ಉರಿಯೂತವೆದ್ದು ಸುತ್ತಲ ಮೂಳೆ ಕರಗಿ ಕೀಲು ಸಡಿಲವಾಗುತ್ತದೆ. ಪುಡಿಯ ಪರಿಣಾಮ ತಿಳಿಯಲು ಚಾರ್ನ್‌ಲಿ ಅದನ್ನು ತಮ್ಮ ತೊಡೆಗೇ ಚುಚ್ಚಿಕೊಂಡರು.

1962ರಲ್ಲಿ ಜವಳಿ ಯಂತ್ರಗಳ ಗಿಯರ್ ಮಾರುವವನೊಬ್ಬ ಪಾಲಿಎಥಿಲೀನ್ ಎಂಬ ಪ್ಲಾಸ್ಟಿಕ್ಕಿನ ತುಂಡು ತಂದ. ಚಾರ್ನ್‌ಲಿಗೆ ಅದು ಹಿಡಿಸಲಿಲ್ಲ. ತಂತ್ರಜ್ಞ ಹ್ಯಾರಿ ಕ್ರೇವನ್ ಬಿಡದೆ ಅದನ್ನು ಪರೀಕ್ಷಾಯಂತ್ರಕ್ಕೆ ಹಾಕಿದರು. ಟೆಫ್ಲಾನ್ ಒಂದೇ ದಿನದಲ್ಲಿ ಸವೆಯುವಷ್ಟು ಅದು ಮೂರು ವಾರದಲ್ಲೂ ಸವೆಯಲಿಲ್ಲ. ಅದೇ ವರ್ಷದ ನವೆಂಬರ್‌ನಲ್ಲಿ ಹೊಸ ಬಟ್ಟಲು ರೋಗಿಯ ದೇಹ ಸೇರಿತು.

ಚಾರ್ನ್‌ಲಿ ಗುಂಡಿನ ವ್ಯಾಸವನ್ನು ಸುಮಾರು 22 ಮಿಲಿಮೀಟರಿಗೆ ಇಳಿಸಿದ್ದರು. ಗುಂಡು ಚಿಕ್ಕದಾದಷ್ಟೂ ಘರ್ಷಣೆ ಬಟ್ಟಲನ್ನು ತಿರುಚುವ ಬಲ ಕಡಿಮೆ. ಕೀಲನ್ನು ಕೂರಿಸಲು ದಂತವೈದ್ಯರ ಅಕ್ರಿಲಿಕ್ ಬಳಸಿದರು. ಅದು ಅಂಟಲ್ಲ, ಕಲ್ಲಿನ ಸಂದಿಗೆ ತುಂಬಿದ ಗಾರೆಯ ಹಾಗೆ ಮೂಳೆಯ ರಂಧ್ರಗಳಿಗಿಳಿದು ಗಟ್ಟಿಯಾಗುತ್ತದೆ.

ಇಂದಿನ ಪಾಲಿಎಥಿಲೀನ್ ವಿಕಿರಣದಿಂದ ಹದಗೊಂಡು ಇನ್ನೂ ಕಡಿಮೆ ಸವೆಯುತ್ತದೆ. 2019ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ ಕೃತಕ ಸೊಂಟಕೀಲುಗಳಲ್ಲಿ ಸುಮಾರು ಶೇಕಡ 58ರಷ್ಟು 25 ವರ್ಷ ಬಾಳುತ್ತವೆ. ಮಂಡಿ ಕೀಲುಗಳಲ್ಲಿ ಸುಮಾರು ಶೇಕಡ 82ರಷ್ಟು. ಆದ್ದರಿಂದಲೇ ವೈದ್ಯರು ವಯಸ್ಸು ಕೇಳುತ್ತಾರೆ. ನಲವತ್ತರಲ್ಲಿ ಹಾಕಿಸಿಕೊಂಡ ಕೀಲು ಸವೆದರೆ ಮತ್ತೊಮ್ಮೆ ಬದಲಿಸಬೇಕು, ಆ ಎರಡನೆಯ ಶಸ್ತ್ರಚಿಕಿತ್ಸೆ ಮೊದಲಿನದಕ್ಕಿಂತ ಕಠಿಣ. ಹಾಗೆಂದು ಎಪ್ಪತ್ತರ ಅಜ್ಜಿ ಹೆದರಿ ನೋವು ನುಂಗಿಕೊಂಡು ಕೂರಬೇಕಿಲ್ಲ: ಆ ಕೀಲು ಅವರ ಜೀವಿತಕ್ಕೆ ಸಾಲುವ ಸಾಧ್ಯತೆಯೇ ಹೆಚ್ಚು.