ಕೇಪ್ ಯಾರ್ಕ್‌ನ ಹೊಳೆಗಳೂ ಪ್ರಯಾಣಿಕನ ವಿವೇಕವೂ

'ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು' ಎಂಬ ಗಾದೆ ಕನ್ನಡಿಗರಿಗೆ ಚಿರಪರಿಚಿತವಾದುದು. ಕೈಹಿಡಿದ ಕಾರ್ಯವನ್ನು ನಡುವೆ ಬಿಡಬಾರದೆಂಬ ದೃಢಸಂಕಲ್ಪವನ್ನು ಅದು ಬೋಧಿಸುತ್ತದೆ. ಆದರೆ ನೀರಿಗಿಳಿಯುವುದಕ್ಕೆ ಮುಂಚೆ ಮಾಡಬೇಕಾದುದೇನು, ಇಳಿಯಲೇಬಾರದೆಂದು ತೀರ್ಮಾನಿಸುವುದು ಯಾವಾಗ ಎಂಬುದನ್ನು ಆ ಗಾದೆ ಹೇಳುವುದಿಲ್ಲ. ಅದನ್ನು ಹೇಳಿಕೊಡುವ ದಾರಿಯೊಂದು ಆಸ್ಟ್ರೇಲಿಯಾ ಖಂಡದ ಈಶಾನ್ಯ ಮೂಲೆಯಲ್ಲಿದೆ. ಆ ದಾರಿಯಲ್ಲಿ ಸಾಗಬಯಸುವವರು ಮನೆಯಲ್ಲಿಯೇ ಕುಳಿತು ಮಾಡಿಕೊಳ್ಳಬೇಕಾದ ಸಿದ್ಧತೆ ಒಂದು ಶಾಸ್ತ್ರವೇ ಆಗಿದೆ. ಆ ಶಾಸ್ತ್ರದ ತಿರುಳನ್ನು ಸಂಗ್ರಹವಾಗಿ ನಿರೂಪಿಸುವುದು ಈ ಲೇಖನದ ಉದ್ದೇಶ.

ಕ್ವೀನ್ಸ್‌ಲ್ಯಾಂಡ್ ರಾಜ್ಯದ ಉತ್ತರಕ್ಕೆ ಬೆರಳಿನಂತೆ ಚಾಚಿಕೊಂಡಿರುವ ಪರ್ಯಾಯದ್ವೀಪಕ್ಕೆ ಕೇಪ್ ಯಾರ್ಕ್ ಎಂದು ಹೆಸರು. ಕೇರ್ನ್ಸ್ ನಗರದಿಂದ ಅದರ ತುತ್ತತುದಿಗೆ ಭೂಮಾರ್ಗವಾಗಿ ಸುಮಾರು ಒಂದು ಸಾವಿರ ಕಿಲೋಮೀಟರು. ಆ ತುದಿಯನ್ನು ಅಲ್ಲಿಯ ಮೂಲನಿವಾಸಿಗಳು ಪಜಿಂಕಾ ಎಂದು ಕರೆಯುತ್ತಾರೆ. ಲಾರಾ, ಕೋಯೆನ್ ಎಂಬ ಚಿಕ್ಕ ಊರುಗಳನ್ನು ಹಾದು ಬ್ರಾಮ್‌ವೆಲ್ ಜಂಕ್ಷನ್ ಎಂಬಲ್ಲಿಗೆ ಬಂದರೆ ದಾರಿ ಕವಲೊಡೆಯುತ್ತದೆ. ಒಂದು ಕವಲು ಬಳಸುದಾರಿ. ಇನ್ನೊಂದು 'ಓಲ್ಡ್ ಟೆಲಿಗ್ರಾಫ್ ಟ್ರ್ಯಾಕ್', ಎಂದರೆ ಹಳೆಯ ತಂತಿ ಕಂಬಗಳ ಜಾಡು. ಈ ಜಾಡಿನ ಉದ್ದ ನೂರು ಕಿಲೋಮೀಟರಿಗಿಂತ ಸ್ವಲ್ಪವೇ ಹೆಚ್ಚು. ಆದರೆ ಅಷ್ಟರಲ್ಲಿಯೇ ಪಾಮ್, ಡೂಸಿ, ಬರ್ಟಿ, ಗನ್‌ಶಾಟ್, ಕಾಕಟೂ ಮೊದಲಾದ ಹಳ್ಳಗಳೂ ಡಲ್‌ಹಂಟಿ ನದಿಯೂ ಒಂದರ ಬೆನ್ನಿಗೊಂದರಂತೆ ಅಡ್ಡಬರುತ್ತವೆ. ಸೇತುವೆಗಳಿಲ್ಲದ ಈ ನೀರುಗಳನ್ನು ವಾಹನದಲ್ಲಿ ಕುಳಿತೇ ಹಾಯಬೇಕು. ನಾಲ್ಕೂ ಚಕ್ರಗಳಿಗೆ ಯಂತ್ರಬಲ ದೊರೆಯುವ 'ಫೋರ್ ವೀಲ್ ಡ್ರೈವ್' ವಾಹನವಲ್ಲದೆ ಬೇರೆಯದಕ್ಕೆ ಇಲ್ಲಿ ಪ್ರವೇಶವೇ ಸಾಧ್ಯವಿಲ್ಲ.

ಈ ನೆಲದಲ್ಲಿ ಸಿದ್ಧತೆಯ ಕೊರತೆಗೆ ತೆರಬೇಕಾದ ಬೆಲೆ ಎಂತಹುದೆಂಬುದನ್ನು ಇತಿಹಾಸ ದಾಖಲಿಸಿದೆ. 1848ರಲ್ಲಿ ಎಡ್ಮಂಡ್ ಕೆನೆಡಿ ಎಂಬ ಅನ್ವೇಷಕನು ಹದಿಮೂರು ಜನರ ತಂಡದೊಡನೆ ರಾಕಿಂಗ್‌ಹ್ಯಾಮ್ ಕೊಲ್ಲಿಯಲ್ಲಿ ಇಳಿದು ಉತ್ತರದ ತುದಿಯತ್ತ ಹೊರಟನು. ಇಪ್ಪತ್ತೆಂಟು ಕುದುರೆಗಳು, ನೂರು ಕುರಿಗಳು, ಮೂರು ಬಂಡಿಗಳು ಜೊತೆಗಿದ್ದವು. ತುದಿಯಲ್ಲಿ ಆಹಾರಸಾಮಗ್ರಿ ಹೊತ್ತ ಹಡಗು ಕಾದಿರಬೇಕೆಂಬ ಏರ್ಪಾಡೂ ಇದ್ದಿತು. ಕಾಗದದ ಮೇಲೆ ಯೋಜನೆ ನಿರ್ದುಷ್ಟವಾಗಿಯೇ ಕಂಡಿತು. ಆದರೆ ಜೌಗುನೆಲವೂ ದಟ್ಟವಾದ ಮಳೆಕಾಡೂ ಬಂಡಿಗಳಿಗೆ ಎಡೆಗೊಡಲಿಲ್ಲ. ಎರಡು ತಿಂಗಳೊಳಗೆ ಅವನ್ನು ತೊರೆಯಬೇಕಾಯಿತು. ಶುಷ್ಕಕಾಲವೆಲ್ಲ ದಾರಿ ಕಡಿಯುವುದರಲ್ಲಿಯೇ ಕಳೆದುಹೋಯಿತು. ಧಾನ್ಯ ಮುಗಿಯುತ್ತ ಬಂದಂತೆ ಮಳೆಗಾಲ ಸಮೀಪಿಸಿತು. ಎಂಟು ಜನರನ್ನು ವೇಮತ್ ಕೊಲ್ಲಿಯಲ್ಲಿ, ಮೂವರನ್ನು ಶೆಲ್‌ಬರ್ನ್ ಕೊಲ್ಲಿಯ ಬಳಿ ಬಿಟ್ಟು ಕೆನೆಡಿಯು ಗಲ್ಮಾರಾ ಎಂಬ ಮೂಲನಿವಾಸಿ ಯುವಕನೊಬ್ಬನೊಡನೆ ಮುಂದುವರಿದನು. ಡಿಸೆಂಬರಿನಲ್ಲಿ, ಹಡಗು ಇನ್ನೇನು ಕೆಲವೇ ಹರಿದಾರಿ ದೂರವಿದೆ ಎನ್ನುವಾಗ, ಎಸ್ಕೇಪ್ ನದಿಯ ಬಳಿ ಈಟಿಗೆ ಗುರಿಯಾಗಿ ಮಡಿದನು. ಗಲ್ಮಾರಾ ಒಬ್ಬನೇ ಹಡಗನ್ನು ಮುಟ್ಟಿ ಸುದ್ದಿ ತಲುಪಿಸಿದನು. ಹದಿಮೂವರಲ್ಲಿ ಬದುಕಿ ಉಳಿದವರು ಮೂವರು ಮಾತ್ರ. ಧೈರ್ಯಕ್ಕೆ ಆ ತಂಡದಲ್ಲಿ ಕೊರತೆಯಿರಲಿಲ್ಲ. ಕೊರತೆಯಾದುದು ಕಾಲದ ಲೆಕ್ಕ ತಪ್ಪಿದಾಗ ಒದಗಬೇಕಾದ ಎರಡನೆಯ ದಾರಿ.

ಮುಂದೆ 1887ರಲ್ಲಿ ಈ ಪರ್ಯಾಯದ್ವೀಪದ ಉದ್ದಕ್ಕೂ ತಂತಿ ಮಾರ್ಗ ಪೂರ್ಣಗೊಂಡಿತು. ಮಸ್‌ಗ್ರೇವ್, ಮೋರ್ಟನ್ ಮೊದಲಾದೆಡೆ ತಂತಿ ನಿಲ್ದಾಣಗಳು ಎದ್ದವು. ತಂತಿಯನ್ನು ಕಾಯುವವರು ಕುದುರೆಯ ಮೇಲೆ ಸಂಚರಿಸಿದ ಜಾಡೇ ಇಂದಿನ ಈ ಸಾಹಸಪಥ. 1987ರಲ್ಲಿ ತಂತಿ ಮಾರ್ಗವನ್ನು ಮುಚ್ಚಲಾಯಿತು. ಕಂಬಗಳು ಹೋದರೂ ಜಾಡು ಉಳಿಯಿತು.

ಪ್ರಯಾಣಸಿದ್ಧತೆಯ ಮೊದಲನೆಯ ಅಂಗ ಕಾಲನಿರ್ಣಯ. ಆ ಭಾಗದಲ್ಲಿ ವರ್ಷಕ್ಕೆ ಎರಡೇ ಋತುಗಳೆನ್ನಬಹುದು. ಸಾಮಾನ್ಯವಾಗಿ ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಮಳೆಗಾಲ. ಆಗ ನದಿಗಳು ದಡಮೀರಿ ರಸ್ತೆಗಳು ಮುಚ್ಚಿಹೋಗುತ್ತವೆ. ಮೇ ತಿಂಗಳಿನಿಂದ ಅಕ್ಟೋಬರ್‌ವರೆಗೆ ಒಣಗಾಲ. ಒಣಗಾಲದ ಆರಂಭದಲ್ಲಿ ನೀರು ಇನ್ನೂ ಆಳವಾಗಿರುತ್ತದೆ, ದಡದ ಮಣ್ಣು ಜಾರುತ್ತದೆ. ದಿನ ಕಳೆದಂತೆ ನೀರು ಇಳಿಯುತ್ತದೆಯಾದರೂ ವಾಹನಗಳ ಓಡಾಟದಿಂದ ಇಳಿಜಾರುಗಳು ಕೊರೆದು ಹೊಂಡಗಳಾಗುತ್ತವೆ. ಆದುದರಿಂದ ಹೋದ ವರ್ಷ ದಾಟಿದವರ ಅನುಭವವು ಈ ವರ್ಷಕ್ಕೆ ಪ್ರಮಾಣವಾಗದು. ಹೊರಡುವ ಮುನ್ನ ಸರ್ಕಾರದ ರಸ್ತೆ ವರದಿಯನ್ನೂ ಹವಾಮಾನ ಸೂಚನೆಯನ್ನೂ ನೋಡಬೇಕು. ದಾರಿಯಲ್ಲಿ ಸಿಗುವ ಪೆಟ್ರೋಲು ಅಂಗಡಿಯವರನ್ನೂ ಎದುರಿನಿಂದ ಬರುವ ಪ್ರಯಾಣಿಕರನ್ನೂ ತಪ್ಪದೆ ವಿಚಾರಿಸಬೇಕು. ದಾರಿಯ ಅನೇಕ ಭಾಗಗಳು ಮೂಲನಿವಾಸಿಗಳಿಗೆ ಸೇರಿದ ನೆಲ. ಎಲ್ಲಿ ಅನುಮತಿ ಬೇಕು, ಎಲ್ಲಿ ಬೀಡುಬಿಡಬಹುದು ಎಂಬುದನ್ನು ಮೊದಲೇ ತಿಳಿದುಕೊಳ್ಳುವುದು ಶಿಷ್ಟಾಚಾರವೂ ಹೌದು, ಕಾನೂನೂ ಹೌದು. ಕೆಲವು ಸಮುದಾಯಗಳಲ್ಲಿ ಮದ್ಯವನ್ನು ಒಯ್ಯುವುದಕ್ಕೂ ನಿರ್ಬಂಧವುಂಟು.

ಎರಡನೆಯ ಅಂಗ ಗಣಿತ. ಒಳ್ಳೆಯ ರಸ್ತೆಯಲ್ಲಿ ನೂರು ಕಿಲೋಮೀಟರಿಗೆ ಹದಿನೈದು ಲೀಟರು ಇಂಧನ ಬೇಡುವ ವಾಹನ, ಮರಳಿನಲ್ಲಿ ಕೆಳಗಿಯರಿನಲ್ಲಿ ಸಾಗುವಾಗ ಇಪ್ಪತ್ತನ್ನೂ ಮೀರಬಹುದು. ಮುನ್ನೂರು ಕಿಲೋಮೀಟರಿಗೆ ನಲವತ್ತೈದು ಲೀಟರು ಸಾಕೆಂದು ಹೊರಟವನು ಅರವತ್ತು ಬೇಕಾದಾಗ ಕಾಡಿನ ನಡುವೆ ನಿಲ್ಲುತ್ತಾನೆ. ನದಿ ದಾಟಲಾಗದೆ ಹಿಂದಿರುಗಬೇಕಾದರೆ ಬಂದ ದಾರಿಗೂ ಇಂಧನ ಬೇಕಲ್ಲವೇ? ಈ ಹಿಂದಿರುಗುವ ಲೆಕ್ಕವನ್ನು ಬಿಟ್ಟ ಯೋಜನೆ ಅರ್ಧಯೋಜನೆ. ಇಂಧನ ತೀರುತ್ತ ಬಂದವನು ಹಿಂದಿರುಗಲಾರದೆ, ದಾಟಬಾರದ ಹೊಳೆಯನ್ನು ದಾಟಲು ತೊಡಗುತ್ತಾನೆ. ಕುಡಿಯುವ ನೀರು, ಆಹಾರಗಳಿಗೂ ಇದೇ ನ್ಯಾಯ: ನಿಶ್ಚಯಿಸಿದ ದಿನಗಳಿಗಿಂತ ಕೆಲವು ದಿನಗಳಿಗೆ ಹೆಚ್ಚಾಗುವಷ್ಟು ಇರಬೇಕು. ಆದರೆ ಹೊರೆಗೂ ಮಿತಿಯುಂಟು. ನೀರು ಲೀಟರಿಗೆ ಒಂದು ಕಿಲೋಗ್ರಾಮಿನಂತೆ ತೂಗುತ್ತದೆ. ಅತಿಭಾರದ ವಾಹನ ಮರಳಿನಲ್ಲಿ ಹೂಳುತ್ತದೆ, ಅದರ ಸ್ಪ್ರಿಂಗುಗಳು ಮುರಿಯುತ್ತವೆ.

ಮೂರನೆಯದೂ ಮುಖ್ಯತಮವೂ ಆದ ಅಂಗ ನೀರಿನ ಸ್ವಭಾವಜ್ಞಾನ. ಭಾರವಾದ ವಾಹನ ನೀರಿನಲ್ಲಿ ಕದಲದು ಎಂಬುದು ಸಾಮಾನ್ಯ ಭ್ರಮೆ. ಆರ್ಕಿಮಿಡೀಸನ ತತ್ತ್ವದಂತೆ, ಮುಳುಗಿದ ವಸ್ತು ಎಷ್ಟು ನೀರನ್ನು ಪಕ್ಕಕ್ಕೆ ಸರಿಸುವುದೋ ಅಷ್ಟು ನೀರಿನ ತೂಕದಷ್ಟು ಬಲದಿಂದ ಅದು ಮೇಲಕ್ಕೆ ಎತ್ತಲ್ಪಡುತ್ತದೆ. ನಾಲ್ಕೂವರೆ ಮೀಟರು ಉದ್ದ, ಒಂದು ಮೀಟರು ಎಂಬತ್ತು ಸೆಂಟಿಮೀಟರು ಅಗಲದ ವಾಹನದ ಒಡಲು ಹತ್ತು ಸೆಂಟಿಮೀಟರು ಮುಳುಗಿತೆಂದರೆ ಸುಮಾರು ಎಂಟುನೂರು ಕಿಲೋಗ್ರಾಮಿನಷ್ಟು ಎತ್ತುವ ಬಲ ಹುಟ್ಟುತ್ತದೆ. ಮೂವತ್ತು ಸೆಂಟಿಮೀಟರು ಮುಳುಗಿದರೆ ಎರಡೂವರೆ ಟನ್ನಿನ ವಾಹನದ ತೂಕವೆಲ್ಲ ಹೆಚ್ಚುಕಡಿಮೆ ಕರಗಿಹೋದಂತೆಯೇ. ಚಕ್ರಗಳು ನೆಲವನ್ನು ಒತ್ತದಿದ್ದರೆ ನಾಲ್ಕು ಚಕ್ರಗಳ ಯಂತ್ರಬಲದಿಂದ ಪ್ರಯೋಜನವೇನು? ಇದು ಬರಿಯ ತರ್ಕವಲ್ಲ. ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಜಲಸಂಶೋಧನಾಲಯದಲ್ಲಿ ನಿಜವಾದ ವಾಹನಗಳನ್ನೇ ನೀರಿನಲ್ಲಿಟ್ಟು ಪರೀಕ್ಷಿಸಲಾಯಿತು. ಸುಮಾರು ಒಂದು ಟನ್ನಿನ ಸಣ್ಣ ಕಾರು, ಸೆಕೆಂಡಿಗೆ ಒಂದು ಮೀಟರು ಹರಿಯುವ ಹದಿನೈದೇ ಸೆಂಟಿಮೀಟರು ನೀರಿನಲ್ಲಿ ಸರಿಯತೊಡಗಿತು. ಎರಡೂವರೆ ಟನ್ನಿನ ದೊಡ್ಡ ಫೋರ್ ವೀಲ್ ಡ್ರೈವ್ ವಾಹನ ಅಂತಹುದೇ ಹರಿವಿನ ನಲವತ್ತೈದು ಸೆಂಟಿಮೀಟರು ನೀರಿನಲ್ಲಿ ನೆಲೆ ತಪ್ಪಿತು. ತೊಂಬತ್ತೈದು ಸೆಂಟಿಮೀಟರಿನಲ್ಲಿ ಪೂರ್ಣವಾಗಿ ತೇಲಿತು. ಸೆಕೆಂಡಿಗೆ ಒಂದು ಮೀಟರೆಂದರೆ ಮನುಷ್ಯನ ನಿಧಾನ ನಡಿಗೆಯ ವೇಗ. ಹರಿವಿನ ವೇಗ ಎರಡರಷ್ಟಾದರೆ ಅದರ ತಳ್ಳುವ ಬಲ ನಾಲ್ಕರಷ್ಟಾಗುತ್ತದೆಂಬುದನ್ನೂ ಮರೆಯಬಾರದು. ಆದುದರಿಂದ ನಿಂತ ನೀರಿನ ಆಳಕ್ಕೂ ಹರಿಯುವ ನೀರಿನ ಆಳಕ್ಕೂ ಒಂದೇ ಅಳತೆಗೋಲು ಸಲ್ಲದು.

ನೀರು ಯಂತ್ರಕ್ಕೂ ಶತ್ರುವೇ. ಗಾಳಿಯೊಡನೆ ಒಳಸೇರಿದ ನೀರನ್ನು ಎಂಜಿನ್ನಿನ ಪಿಸ್ಟನ್ನು ಒತ್ತಿ ಕುಗ್ಗಿಸಲಾರದು. ಆಗ ಕನೆಕ್ಟಿಂಗ್ ರಾಡು ಬಾಗಿ ಎಂಜಿನ್ನು ಹಾಳಾಗುತ್ತದೆ. ಇದನ್ನು ತಪ್ಪಿಸಲು ಸ್ನಾರ್ಕೆಲ್ ಎಂಬ ಎತ್ತರದ ಗಾಳಿಕೊಳವೆಯನ್ನು ಜೋಡಿಸುತ್ತಾರೆ. ಆದರೆ ಸ್ನಾರ್ಕೆಲ್ ಎಂಜಿನ್ನಿಗೆ ಉಸಿರು ಕೊಡುವುದೇ ಹೊರತು ವಾಹನ ತೇಲಿಹೋಗುವುದನ್ನು ತಡೆಯದು. ಅದನ್ನು ಜೋಡಿಸಿದ ಮಾತ್ರಕ್ಕೆ ಎಷ್ಟು ಆಳಕ್ಕಾದರೂ ಇಳಿಯಬಹುದೆಂದು ಭಾವಿಸುವುದು ಅಪಾಯಕ್ಕೆ ಆಹ್ವಾನ.

ಇಲ್ಲಿಯೇ ಒಂದು ಧರ್ಮಸಂಕಟ ಎದುರಾಗುತ್ತದೆ. ಹೊಳೆಯನ್ನು ವಾಹನದಲ್ಲಿ ದಾಟುವುದಕ್ಕೆ ಮೊದಲು ಕಾಲ್ನಡಿಗೆಯಲ್ಲಿ ದಾಟಿ, ಆಳ, ಸೆಳವು, ತಳದ ಬಂಡೆ, ಹೊಂಡಗಳನ್ನು ಅರಿಯಬೇಕೆಂಬುದು ಅನುಭವಿಗಳ ಸೂತ್ರ. ಆದರೆ ಈ ಪರ್ಯಾಯದ್ವೀಪದ ನದಿಗಳು ಉಪ್ಪುನೀರಿನ ಮೊಸಳೆಯ ವಾಸಸ್ಥಾನ. ಹೆಸರು ಉಪ್ಪುನೀರಿನದಾದರೂ ಅದು ಸಿಹಿನೀರಿನಲ್ಲಿಯೂ ಸಮುದ್ರದಿಂದ ಬಹುದೂರದಲ್ಲಿಯೂ ಇರುತ್ತದೆ. ನೀರಿನಂಚಿನಿಂದ ಕನಿಷ್ಠ ಐದು ಮೀಟರು ದೂರ ನಿಲ್ಲಬೇಕು, ಡೇರೆಯನ್ನು ಐವತ್ತು ಮೀಟರು ಆಚೆ ಹಾಕಬೇಕು ಎಂಬುದು ಕ್ವೀನ್ಸ್‌ಲ್ಯಾಂಡ್ ಸರ್ಕಾರದ ಎಚ್ಚರಿಕೆ. ನಡೆದು ನೋಡದೆ ದಾಟಬಾರದು. ಮೊಸಳೆಯಿರುವಲ್ಲಿ ನಡೆದು ನೋಡಬಾರದು. ಈ ಎರಡು ವಿಧಿಗಳು ಒಂದಕ್ಕೊಂದು ಎದುರಾದಾಗ ಗತಿಯೇನು? ಆಳ ತೋರುವ ಗುರುತುಕಂಬವಿದ್ದರೆ ಅದನ್ನು ಓದಬೇಕು. ಇನ್ನೊಂದು ವಾಹನ ದಾಟುವುದನ್ನು ಕಾದು ನೋಡಬೇಕು. ಎರಡೂ ಇಲ್ಲವಾದರೆ ಬಳಸುದಾರಿಯನ್ನು ಹಿಡಿಯಬೇಕು. ಇವೆರಡರಲ್ಲಿ ಒಂದು ವಿಧಿಯನ್ನು ಮುರಿದು ಮುಂದೆ ಹೋಗುವುದಂತೂ ಉತ್ತರವಲ್ಲ.

ದಾಟಲು ಯೋಗ್ಯವೆಂದು ಕಂಡಾಗಲೂ ಕ್ರಮವುಂಟು. ಆಚೆಯ ದಡವನ್ನು ಏರಲು ಸಾಧ್ಯವೇ ಎಂಬುದನ್ನು ಈಚೆಯ ದಡದಲ್ಲಿಯೇ ನಿಶ್ಚಯಿಸಬೇಕು. ಕಾದ ಎಂಜಿನ್ನನ್ನೂ ಚಕ್ರದ ಬೇರಿಂಗುಗಳನ್ನೂ ಆರಗೊಡಬೇಕು. ಏಕೆಂದರೆ ಬಿಸಿಯಾದ ಭಾಗ ತಣ್ಣೀರಿನಲ್ಲಿ ಹಠಾತ್ತನೆ ತಣಿದಾಗ ಒಳಕ್ಕೆ ನೀರನ್ನು ಎಳೆದುಕೊಳ್ಳುತ್ತದೆ. ವಾಹನದ ಮುಂಭಾಗಕ್ಕೆ ಕಿತ್ತಾನಿನ ಹೊದಿಕೆ ಕಟ್ಟಿದರೆ ನೀರು ಎಂಜಿನ್ನಿಗೆ ನೇರವಾಗಿ ನುಗ್ಗದು. ಎಳೆಯುವ ಪಟ್ಟಿಯನ್ನು ಮೊದಲೇ ಬಿಗಿದಿರಬೇಕು. ಮುಳುಗಿದ ಮೇಲೆ ಕೊಕ್ಕೆ ಹುಡುಕುವುದು ದುಸ್ಸಾಧ್ಯ. ಕಿಟಕಿಗಳನ್ನು ತೆರೆದಿಟ್ಟರೆ ಆಪತ್ತಿನಲ್ಲಿ ಹೊರಬರಲು ದಾರಿಯಿರುತ್ತದೆ. ಕೆಳದರ್ಜೆಯ ಗಿಯರಿನಲ್ಲಿ, ಒಂದೇ ಸಮನಾದ ನಿಧಾನಗತಿಯಲ್ಲಿ, ನಡುನೀರಿನಲ್ಲಿ ಗಿಯರು ಬದಲಿಸದೆ ಸಾಗಬೇಕು. ಒಂದು ವಾಹನ ಪೂರ್ಣವಾಗಿ ದಡ ಸೇರುವವರೆಗೆ ಎರಡನೆಯದು ಇಳಿಯಬಾರದು. ದಾಟಿದ ಮೇಲೆ ಬ್ರೇಕುಗಳನ್ನು ಒಣಗಿಸಿ, ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದೆಯೇ ಎಂದು ನೋಡಬೇಕು. ಬಣ್ಣ ಕೆಟ್ಟಿದ್ದರೆ ನೀರು ಸೇರಿತೆಂದೇ ಅರ್ಥ.

ಈ ಜಾಡಿನ ಗನ್‌ಶಾಟ್ ಹಳ್ಳದ ಒಂದು ಇಳಿಜಾರು ಗೋಡೆಯಷ್ಟೇ ಕಡಿದು. ಅದನ್ನು ಸುತ್ತಿಹೋಗುವ ಸುಲಭದ ಜಾಡೂ ಹತ್ತಿರದಲ್ಲಿಯೇ ಇದೆ. ಉತ್ತರದ ಕೊನೆಯ ನೋಲನ್ಸ್ ಬ್ರೂಕ್ ನೋಡುವುದಕ್ಕೆ ಸ್ವಚ್ಛವೂ ಶಾಂತವೂ ಆದ ಕಿರುತೊರೆ. ಆದರೆ ಅನೇಕ ವಾಹನಗಳನ್ನು ಮುಳುಗಿಸಿದ ಅಪಕೀರ್ತಿ ಅದರದು. ಇನ್ನು ಜಾರ್ಡೈನ್ ನದಿ ವರ್ಷವಿಡೀ ಬತ್ತದೆ ಹರಿಯುವ ಮಹಾನದಿ. ಹಿಂದೆ ಅದನ್ನೂ ವಾಹನದಲ್ಲಿ ಹಾಯುತ್ತಿದ್ದರು. ಈಗ ವಾಹನಗಳನ್ನು ಹೊತ್ತು ದಾಟಿಸುವ ದೋಣಿಯ ವ್ಯವಸ್ಥೆಯುಂಟು. ಅದರ ಶುಲ್ಕವನ್ನು ಕಂಡು ಗೊಣಗುವವರು ಒಂದು ಎಂಜಿನ್ನಿನ ಬೆಲೆಯನ್ನಾದರೂ ನೆನೆಯಬೇಕು, ಒಂದು ಜೀವದ ಬೆಲೆಯನ್ನು ನೆನೆದರೆ ಇನ್ನೂ ಲೇಸು. ಅಂಬಿಗನ ಕಾಯಕದ ಹಿರಿಮೆಯನ್ನು ಶರಣಪರಂಪರೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಕಡೆಯದಾಗಿ ಹೇಳಬೇಕಾದುದು ಸಂಪರ್ಕವ್ಯವಸ್ಥೆ. ಮೊಬೈಲು ದೂರವಾಣಿ ಆ ಜಾಡಿನ ಬಹುಭಾಗದಲ್ಲಿ ಮೂಕವಾಗುತ್ತದೆ. ಆದುದರಿಂದ ಉಪಗ್ರಹ ದೂರವಾಣಿಯನ್ನೂ, 406 ಮೆಗಾಹರ್ಟ್ಸಿನಲ್ಲಿ ಆಪತ್ಸಂಕೇತ ಕಳುಹಿಸುವ ಬೀಕನ್ ಉಪಕರಣವನ್ನೂ ಒಯ್ಯುವುದು ವಿಹಿತ. ಅದಕ್ಕಿಂತ ಸರಳವಾದುದೊಂದುಂಟು: ಯಾವ ದಾರಿ, ಎಷ್ಟು ದಿನ, ಯಾವ ದಿನದೊಳಗೆ ಸುದ್ದಿ ಬಾರದಿದ್ದರೆ ಯಾರಿಗೆ ತಿಳಿಸಬೇಕು ಎಂಬುದನ್ನು ಬರೆದು ಮನೆಯವರ ಕೈಗೆ ಕೊಡುವುದು. 1928ರಲ್ಲಿ ಜಾನ್ ಫ್ಲಿನ್ ಎಂಬ ಕ್ರೈಸ್ತ ಧರ್ಮಗುರುವಿನ ಪ್ರಯತ್ನದಿಂದ ಇದೇ ರಾಜ್ಯದ ಕ್ಲಾನ್‌ಕರಿ ಎಂಬಲ್ಲಿ ವಿಮಾನದ ಮೂಲಕ ವೈದ್ಯಸೇವೆ ಆರಂಭವಾಯಿತು. ಅದೇ ಇಂದಿನ ರಾಯಲ್ ಫ್ಲೈಯಿಂಗ್ ಡಾಕ್ಟರ್ ಸೇವೆ. ಅದರ ಮರುವರ್ಷ ಆಲ್ಫ್ರೆಡ್ ಟ್ರೇಗರ್ ರೂಪಿಸಿದ ಕಾಲಿನಿಂದ ತುಳಿಯುವ ರೇಡಿಯೋ ಯಂತ್ರ ಒಂಟಿಮನೆಗಳನ್ನು ವೈದ್ಯರೊಡನೆ ಬೆಸೆಯಿತು. ಅಂತಹ ಸೇವೆ ಇಂದಿಗೂ ಇದೆ. ಆದರೆ ಒಬ್ಬನ ಅವಿವೇಕದಿಂದ ಕರೆ ಬಂದಾಗ, ಅವನನ್ನು ಎತ್ತಲು ಬರುವವರ ಪ್ರಾಣವೂ ಪಣಕ್ಕೆ ಬೀಳುತ್ತದೆ. ನಿಜವಾಗಿ ಅಗತ್ಯವಿರುವ ಇನ್ನೊಬ್ಬ ರೋಗಿಯು ಕಾಯಬೇಕಾಗುತ್ತದೆ. ಸಾಹಸಿಯ ಅಪಾಯ ಸಾಹಸಿಗಷ್ಟೇ ಸೇರಿದ್ದೆಂಬುದು ಸತ್ಯವಲ್ಲ.

ಇಷ್ಟರಿಂದ ಫಲಿತವಾಗುವ ತತ್ತ್ವ ಒಂದೇ. ದಾಟುವ ಆಸೆ ಹೊಳೆಯ ದಡದಲ್ಲಿ ಪ್ರಬಲವಾಗಿರುತ್ತದೆ. ನೂರಾರು ಕಿಲೋಮೀಟರು ಬಂದ ದಣಿವು, ಜೊತೆಯವರ ಒತ್ತಾಯ, ಮುಂದೆ ದಾಟಿಹೋದವನ ಉದಾಹರಣೆ ಇವೆಲ್ಲ ಬುದ್ಧಿಯನ್ನು ಮಂಕುಗೊಳಿಸುತ್ತವೆ. ಆದುದರಿಂದ ಇಂತಿಷ್ಟು ಆಳ ಮೀರಿದರೆ, ತಳ ಕಾಣದಿದ್ದರೆ, ಮೇಲುಭಾಗದಲ್ಲಿ ಮಳೆಯಾಗಿದ್ದರೆ ಹಿಂದಿರುಗತಕ್ಕದ್ದು ಎಂಬ ಮಿತಿಗಳನ್ನು ಶಾಂತಚಿತ್ತದಿಂದ ಮನೆಯಲ್ಲಿಯೇ ಬರೆದಿಡಬೇಕು. ದಡದಲ್ಲಿ ಅದನ್ನು ಪಾಲಿಸುವುದಷ್ಟೇ ಉಳಿಯಬೇಕು. ಕೆನೆಡಿಯ ತಂಡದಲ್ಲಿ ಮಡಿದ ಹತ್ತು ಜನರ ನೆನಪು ಆ ನೆಲದಲ್ಲಿ ಸಾರುತ್ತಿರುವುದೂ ಇದನ್ನೇ. ಶಾಲೆಯು ಮಕ್ಕಳಿಗೆ ಮುನ್ನುಗ್ಗುವ ಧೈರ್ಯವನ್ನು ಕಲಿಸುತ್ತದೆ, ಕಲಿಸಲೂ ಬೇಕು. ಆದರೆ ಹೊಳೆ ತುಂಬಿ ಹರಿಯುವಾಗ ಇಂಜಿನ್ನನ್ನು ಆರಿಸಿ, ಗಾಡಿಯನ್ನು ಹಿಂದಕ್ಕೆ ತಿರುಗಿಸಿ, ನೀರು ಇಳಿಯುವ ನಾಳೆಯನ್ನು ಕಾಯುವುದಕ್ಕೂ ಧೈರ್ಯವೇ ಬೇಕು. ಆ ಧೈರ್ಯವನ್ನು ಕಲಿತವನು ನಾಳೆಯಲ್ಲದಿದ್ದರೆ ನಾಡಿದ್ದು ಹೊಳೆಯನ್ನು ದಾಟುತ್ತಾನೆ. ದಾಟಿ, ಮನೆಗೂ ಮರಳಿ ಬರುತ್ತಾನೆ.