ಬೀಜದ ಮೊಳಕೆಯೂ ಸಂಭವನೀಯತೆಯ ಲೆಕ್ಕವೂ

(ಒಕ್ಕಲುತನದ ಇನ್‌ಸ್ಪೆಕ್ಟರರೊಬ್ಬರಿಂದ)

ಪ್ರಮಾಣೀಕೃತ ತೊಗರಿ ಬೀಜದ ಮೊಳಕೆಯ ಪ್ರಮಾಣವು ನೂರಕ್ಕೆ 75ಕ್ಕಿಂತ ಕಡಿಮೆಯಿರಕೂಡದೆಂದು ನಿಯಮವುಂಟು. ಜೋಳಕ್ಕೂ ಇದೇ ಮಿತಿ. ಕಡಲೆಗೆ 85, ಶೇಂಗಾಕ್ಕೆ 70. ಚೀಲಕ್ಕೆ ಕಟ್ಟಿದ ಚೀಟಿಯಲ್ಲಿ ಈ ಅಂಕಿಯನ್ನು ಅನೇಕರು ಓದುತ್ತಾರೆ; ಆದರೆ ಅದರ ಅರ್ಥವೇನೆಂದು ಕೇಳಿದರೆ ಹತ್ತು ಜನರು ಹತ್ತು ಬಗೆಯಾಗಿ ಹೇಳುವರು. ಕಲಬುರಗಿಯ ಶಹಾಬಜಾರದಲ್ಲಿ ಮನೆಯಿದ್ದು ಊರ ಹೊರಗೆ ತೊಗರಿಯ ಹೊಲವುಳ್ಳ ವೃದ್ಧರೊಬ್ಬರು ಈ ಲೇಖಕನನ್ನು ಹೀಗೆ ಕೇಳಿದರು: “ನೂರಕ್ಕೆ 75 ಎಂದರೆ ನಾಲ್ಕಕ್ಕೆ ಮೂರು. ಹಾಗಾದರೆ ನಾನು ನಾಲ್ಕು ಕಾಳು ಹಾಕಿದಲ್ಲೆಲ್ಲ ಮೂರು ಹುಟ್ಟಬೇಕಲ್ಲವೇ? ಒಂದು ಗುಣಿಯಲ್ಲಿ ನಾಲ್ಕೂ ಹುಟ್ಟುತ್ತವೆ, ಇನ್ನೊಂದರಲ್ಲಿ ಒಂದೇ. ಚೀಟಿ ಸುಳ್ಳೋ, ನೆಲ ಸುಳ್ಳೋ?”

ಎರಡೂ ಸುಳ್ಳಲ್ಲ. ಆದರೆ ಪ್ರಶ್ನೆಯು ಯೋಗ್ಯವಾದುದು. ಅದರ ಉತ್ತರವು ಸಂಭವನೀಯತೆ ಎಂಬ ಗಣಿತಶಾಖೆಯಲ್ಲಿ ಇರುತ್ತದೆ. ಈ ಶಾಸ್ತ್ರವು ಜೂಜಿನ ಹಾಸಿನ ಮೇಲೆ ಹುಟ್ಟಿತೆಂದು ಕೆಲವರು ಇದನ್ನು ಹಗುರವಾಗಿ ಕಾಣುವುದುಂಟು. 1654ರಲ್ಲಿ ಫ್ರಾನ್ಸ್ ದೇಶದ ಪಾಸ್ಕಲ್ ಮತ್ತು ಫರ್ಮಾ ಎಂಬ ಗಣಿತಜ್ಞರು, ನಡುವೆ ನಿಂತುಹೋದ ಆಟದ ಪಣವನ್ನು ಹೇಗೆ ಹಂಚತಕ್ಕದ್ದೆಂಬ ವಿಷಯವಾಗಿ ಪತ್ರ ಬರೆದುಕೊಂಡದ್ದು ನಿಜ. ನಮ್ಮಲ್ಲಿಯೂ ನಳನ ಕಥೆಯಲ್ಲಿ ಋತುಪರ್ಣರಾಜನು ತಾರೆಯ ಮರದ ಎಲೆಕಾಯಿಗಳ ಸಂಖ್ಯೆಯನ್ನು ನೋಡಿದಷ್ಟರಿಂದಲೇ ಹೇಳುವನು. ಆತನು ಪಗಡೆಯ ಮರ್ಮವನ್ನೂ ಎಣಿಕೆಯ ವಿದ್ಯೆಯನ್ನೂ ಒಟ್ಟಿಗೆ ಬಲ್ಲವನಾಗಿದ್ದನು. ಸ್ವಲ್ಪವನ್ನು ನೋಡಿ ಸಮಸ್ತವನ್ನು ಅಳೆಯುವುದು ಒಕ್ಕಲಿಗನ ನಿತ್ಯದ ಕೆಲಸವೇ ಆಗಿರುವುದರಿಂದ, ಈ ವಿದ್ಯೆಯು ಜೂಜುಗಾರನಿಗಿಂತ ಅವನಿಗೇ ಹೆಚ್ಚು ಸಲ್ಲತಕ್ಕದ್ದು.

ಮೊದಲು ಶಬ್ದಗಳನ್ನು ಗೊತ್ತುಪಡಿಸಿಕೊಳ್ಳೋಣ. ಫಲವೇನಾಗುವುದೆಂದು ಮುಂಚಿತವಾಗಿ ಖಚಿತವಾಗಿ ಹೇಳಲಾಗದ, ಆದರೆ ಆಗಬಹುದಾದ ಫಲಗಳೆಲ್ಲವನ್ನೂ ಪಟ್ಟಿ ಮಾಡಬಹುದಾದ ಕಾರ್ಯಕ್ಕೆ ಯಾದೃಚ್ಛಿಕ ಪ್ರಯೋಗವೆಂದು ಹೆಸರು. ಆ ಪಟ್ಟಿಗೆ ಫಲಿತಗಣವೆನ್ನುತ್ತಾರೆ. ಪಟ್ಟಿಯಲ್ಲಿ ನಮಗೆ ಬೇಕಾದ ಒಂದು ಅಥವಾ ಹಲವು ಫಲಿತಗಳ ಗುಂಪಿಗೆ ಘಟನೆಯೆನ್ನುತ್ತಾರೆ. ಒಂದು ಕಾಳನ್ನು ಒದ್ದೆ ಬಟ್ಟೆಯಲ್ಲಿಡುವುದು ಪ್ರಯೋಗ; ‘ಮೊಳೆಯಿತು’, ‘ಮೊಳೆಯಲಿಲ್ಲ’ ಎಂಬೆರಡು ಅದರ ಫಲಿತಗಣ. ಎರಡು ಕಾಳುಗಳನ್ನಿಟ್ಟರೆ ಫಲಿತಗಳು ಮೂರಲ್ಲ, ನಾಲ್ಕು: ಎರಡೂ ಮೊಳೆಯುವುದು, ಮೊದಲನೆಯದು ಮಾತ್ರ, ಎರಡನೆಯದು ಮಾತ್ರ, ಎರಡೂ ಇಲ್ಲ. ಈ ಮೂರು ನಾಲ್ಕರ ಭೇದವನ್ನು ಅಲ್ಪವೆಂದು ತಿಳಿಯಬಾರದು. ನಾಣ್ಯವನ್ನು ಎರಡು ಸಲ ಚಿಮ್ಮಿದರೆ ಒಂದು ಸಲವಾದರೂ ತಲೆ ಬೀಳುವ ಸಂಭವನೀಯತೆಯು 2/3 ಎಂದು ಹದಿನೆಂಟನೆಯ ಶತಮಾನದ ಹೆಸರಾಂತ ಗಣಿತಜ್ಞನಾದ ಡಾಲಂಬೇರನೇ ಬರೆದನು. ನಾಲ್ಕು ಫಲಿತಗಳನ್ನು ಬೇರೆಬೇರೆಯಾಗಿ ಎಣಿಸಿದರೆ ಸರಿಯಾದ ಉತ್ತರವು 3/4 ಎಂದು ಯಾರಿಗಾದರೂ ತಿಳಿಯುವುದು.

ಫಲಿತಗಳೆಲ್ಲವೂ ಸಮಬಲವುಳ್ಳವಾದರೆ, ಘಟನೆಗೆ ಸೇರಿದ ಫಲಿತಗಳ ಸಂಖ್ಯೆಯನ್ನು ಒಟ್ಟು ಫಲಿತಗಳ ಸಂಖ್ಯೆಯಿಂದ ಭಾಗಿಸಿದರೆ ಬರುವುದೇ ಆ ಘಟನೆಯ ಸಂಭವನೀಯತೆ. ನಾಣ್ಯಕ್ಕೂ ಚೌಕವಾದ ದಾಳಕ್ಕೂ ಇದು ಸರಿ. ಆದರೆ ಕವಡೆಗೆ ಇದು ಸಲ್ಲದು. ಕವಡೆಯ ಬೆನ್ನು ಉಬ್ಬಿರುತ್ತದೆ, ಬಾಯಿ ಚಪ್ಪಟೆ. ಅದು ಎರಡು ಮಗ್ಗುಲಿಗೂ ಸಮನಾಗಿ ಬೀಳಬೇಕೆಂಬ ಕಟ್ಟಳೆಯಿಲ್ಲ. ಸಾವಿರ ಸಲ ಎಸೆದು ಎಣಿಸಿಯೇ ತಿಳಿಯತಕ್ಕದ್ದು. ಬೀಜವೂ ಕವಡೆಯ ಜಾತಿಯದೇ. ಮೊಳೆಯುವುದು, ಮೊಳೆಯದಿರುವುದು ಎಂದು ಎರಡೇ ಫಲಿತಗಳಿವೆಯಾದ ಮಾತ್ರಕ್ಕೆ ಅರ್ಧಕ್ಕರ್ಧವೆನ್ನುವುದು ತಪ್ಪು. ಅಲ್ಲಿ ಸಂಭವನೀಯತೆಯೆಂದರೆ, ಒಂದೇ ಸ್ಥಿತಿಯಲ್ಲಿ ಪ್ರಯೋಗವನ್ನು ಬಹಳ ಸಲ ಮಾಡಿದಾಗ ಘಟನೆಯು ಸಂಭವಿಸಿದ ಪ್ರಮಾಣವು ಯಾವ ಸಂಖ್ಯೆಯ ಬಳಿ ನೆಲೆಗೊಳ್ಳುವುದೋ ಆ ಸಂಖ್ಯೆ. ಹೀಗೆ ನೆಲೆಗೊಳ್ಳುವುದೆಂಬುದನ್ನು ಯಾಕೋಬ್ ಬರ್ನೂಲಿಯು ಸಾಧಿಸಿ ತೋರಿಸಿದನು. ಅವನ ಗ್ರಂಥವು ಅವನು ತೀರಿಕೊಂಡ ಮೇಲೆ 1713ರಲ್ಲಿ ಪ್ರಕಟವಾಯಿತು.

ಈಗ ವೃದ್ಧರ ಪ್ರಶ್ನೆಗೆ ಬರೋಣ. ಪ್ರತಿ ಕಾಳೂ ಮೊಳೆಯುವ ಸಂಭವನೀಯತೆ 3/4, ಮೊಳೆಯದಿರುವುದು 1/4. ಗುಣಿಗೆ ನಾಲ್ಕರಂತೆ 256 ಗುಣಿಗಳಲ್ಲಿ ಕಾಳು ಹಾಕಿದರೆ, ಲೆಕ್ಕದ ಪ್ರಕಾರ 81 ಗುಣಿಗಳಲ್ಲಿ ನಾಲ್ಕೂ, 108ರಲ್ಲಿ ಮೂರು, 54ರಲ್ಲಿ ಎರಡು, 12ರಲ್ಲಿ ಒಂದು ಮೊಳೆಯಬೇಕು. ಒಂದೇ ಒಂದು ಗುಣಿ ಪೂರ್ತಿ ಬರಿದಾಗಬೇಕು. ಅಂದರೆ ‘ನಾಲ್ಕಕ್ಕೆ ಮೂರು’ ಎಂಬುದು ನಿಜವಾಗಿ ಕಣ್ಣಿಗೆ ಬೀಳುವುದು ನೂರಕ್ಕೆ ಸುಮಾರು 42 ಗುಣಿಗಳಲ್ಲಿ ಮಾತ್ರ. ಮಿಕ್ಕ ಗುಣಿಗಳು ಚೀಟಿಯನ್ನು ಸುಳ್ಳುಮಾಡುವುದಿಲ್ಲ. ಎಲ್ಲ ಗುಣಿಗಳ ಮೊಳಕೆಗಳನ್ನು ಕೂಡಿಸಿ ನೋಡಿದರೆ ಅವೇ ನಾಲ್ಕಕ್ಕೆ ಮೂರನ್ನು ತುಂಬಿಕೊಡುತ್ತವೆ. ಚೀಟಿಯ ಮಾತು ರಾಶಿಯ ಮಾತೇ ಹೊರತು ಗುಣಿಯ ಮಾತಲ್ಲ.

ಮನೆಯ ಬೀಜವನ್ನೇ ಬಿತ್ತುವವರಿಗೆ ಇದರಿಂದ ಬಹಳ ಪ್ರಯೋಜನವುಂಟು. ಹಗೇವಿನಿಂದಾಗಲಿ ಚೀಲದಿಂದಾಗಲಿ ಹತ್ತು ಕಾಳು ತೆಗೆದು ಮೊಳೆಸಿ ನೋಡಿ ತೃಪ್ತಿಪಡುವ ವಾಡಿಕೆ ಅನೇಕರಲ್ಲಿದೆ. ಈ ಪರೀಕ್ಷೆಯು ಇಲ್ಲದ್ದಕ್ಕಿಂತ ಸ್ವಲ್ಪ ಮೇಲು, ಅಷ್ಟೇ. ಬೀಜವು ನಿಜಕ್ಕೂ ನೂರಕ್ಕೆ 75ರದಾದರೂ, ಹತ್ತು ಕಾಳುಗಳಲ್ಲಿ ಒಂಬತ್ತು ಅಥವಾ ಹತ್ತೂ ಮೊಳೆಯುವ ಸಂಭವ ನೂರಕ್ಕೆ 24. ಆರು ಅಥವಾ ಅದಕ್ಕೂ ಕಡಿಮೆ ಮೊಳೆಯುವ ಸಂಭವ ನೂರಕ್ಕೆ 22. ಅದೇ ಚೀಲದ ಬೀಜವನ್ನು ಒಬ್ಬನು ಉತ್ತಮವೆನ್ನುವನು, ಇನ್ನೊಬ್ಬನು ದನಕ್ಕೆ ಹಾಕುವನು. ನೂರು ಕಾಳುಗಳನ್ನು ಹತ್ತು ಸಾಲಾಗಿ ಒದ್ದೆ ಗೋಣಿಯ ಮೇಲೆ ಜೋಡಿಸಿ, ಸುರುಳಿ ಸುತ್ತಿ, ನೆರಳಿನಲ್ಲಿ ತೇವ ಆರದಂತೆ ವಾರದವರೆಗೆ ಇಟ್ಟು ಎಣಿಸಿದರೆ, ಅಂಥ ಬೀಜದ ಎಣಿಕೆಯು ನೂರು ಸಲಕ್ಕೆ ಸುಮಾರು 95 ಸಲ 67ರಿಂದ 83ರ ಒಳಗೆ ಬರುವುದು. ನಾಲ್ಕು ನೂರು ಕಾಳುಗಳನ್ನಿಟ್ಟರೆ ಈ ಅಂತರವು ಅರ್ಧಕ್ಕಿಳಿದು ನೂರಕ್ಕೆ 71ರಿಂದ 79ರ ಆಸುಪಾಸಿಗೆ ನಿಲ್ಲುವುದು. ಬೀಜಪರೀಕ್ಷೆಯ ಪ್ರಯೋಗಶಾಲೆಗಳಲ್ಲಿ ನೂರರ ನಾಲ್ಕು ಗುಂಪು ಮಾಡಿ 400 ಕಾಳು ಇಡುವುದರ ಕಾರಣವಿದು. ಸಂಶಯವನ್ನು ಅರ್ಧಮಾಡಬೇಕಾದರೆ ಶ್ರಮವನ್ನು ನಾಲ್ಕು ಪಟ್ಟು ಮಾಡಬೇಕು, ಇದರಲ್ಲಿ ರಿಯಾಯತಿಯಿಲ್ಲ. ಕಾಳುಗಳನ್ನು ಚೀಲದ ಬಾಯಿಂದ ಮಾತ್ರ ತೆಗೆಯದೆ ನಡುವಿನಿಂದಲೂ ತಳದಿಂದಲೂ, ಗಟ್ಟಿ ಜೊಳ್ಳೆಂದು ಆರಿಸದೆ, ತೆಗೆಯಬೇಕೆಂದು ಬೇರೆ ಹೇಳಬೇಕಾಗಿಲ್ಲ.

ಇನ್ನು ಲೆಕ್ಕದ ನಿಯಮಗಳು. ಸಂಭವನೀಯತೆಯು ಸೊನ್ನೆಗಿಂತ ಕಡಿಮೆಯಾಗಲಿ ಒಂದಕ್ಕಿಂತ ಹೆಚ್ಚಾಗಲಿ ಇರದು. ಫಲಿತಗಣದ ಒಟ್ಟು ಸಂಭವನೀಯತೆ ಒಂದು. ಒಂದಿದ್ದರೆ ಇನ್ನೊಂದು ಇರಲಾರದಂಥ, ಅಂದರೆ ಪರಸ್ಪರ ವರ್ಜಿತವಾದ, ಘಟನೆಗಳ ಸಂಭವನೀಯತೆಗಳನ್ನು ಕೂಡಿಸಬಹುದು. ರಷ್ಯಾದ ಕೊಲ್ಮೊಗೊರೊವ್ 1933ರಲ್ಲಿ ಇಡೀ ಶಾಸ್ತ್ರವನ್ನು ಇಂಥ ಕೆಲವೇ ಸೂತ್ರಗಳ ಮೇಲೆ ನಿಲ್ಲಿಸಿದನು. ಇವುಗಳಿಂದ ಹೊರಡುವ ಒಂದು ಉಪಾಯವು ನಮಗೆ ಮುಖ್ಯ: ಘಟನೆಯೊಂದು ಆಗುವುದನ್ನು ಎಣಿಸುವುದು ಕಷ್ಟವಾದರೆ, ಆಗದಿರುವುದನ್ನು ಎಣಿಸಿ ಒಂದರಿಂದ ಕಳೆಯಬೇಕು. ಈ ಆಗದಿರುವುದಕ್ಕೆ ಪೂರಕ ಘಟನೆಯೆಂದು ಹೆಸರು.

ಸಾಲಿನಿಂದ ಸಾಲಿಗೆ ಮೂರು ಅಡಿ, ಗುಣಿಯಿಂದ ಗುಣಿಗೆ ಒಂದು ಅಡಿಯಂತೆ ತೊಗರಿ ಊರಿದರೆ ಎಕರೆಗೆ 14,520 ಗುಣಿಗಳಾಗುವವು. ಗುಣಿಗೆ ಒಂದೇ ಕಾಳಾದರೆ ನಾಲ್ಕರಲ್ಲೊಂದು, ಅಂದರೆ 3,630 ಗುಣಿಗಳು ಬರಿದು. ಎರಡು ಕಾಳಾದರೆ ಎರಡೂ ಮೊಳೆಯದಿರುವ ಸಂಭವ 1/4ರ 1/4, ಅಂದರೆ 1/16. ಬರಿದಾಗುವ ಗುಣಿ ಸುಮಾರು 900. ಮೂರು ಕಾಳಾದರೆ 1/64. ಬರಿದಾಗುವವು ಸುಮಾರು 230. ಎರಡನೆಯ ಕಾಳು 2,700 ಗುಣಿಗಳನ್ನು ಉಳಿಸಿತು, ಮೂರನೆಯದು 680ನ್ನು ಮಾತ್ರ. ನಾಲ್ಕನೆಯದು ಏನನ್ನು ಉಳಿಸುವುದೆಂದು ಓದುಗರೇ ಲೆಕ್ಕ ಹಾಕಿ, ಬೀಜದ ಬೆಲೆಯನ್ನೂ ಹೆಚ್ಚಿನ ಸಸಿ ಕೀಳುವ ಕೂಲಿಯನ್ನೂ ಎದುರಿಗಿಟ್ಟು ನಿರ್ಣಯಿಸಿಕೊಳ್ಳಬಹುದು.

ಆದರೆ ಇಲ್ಲಿ ಎಚ್ಚರಬೇಕು. ಸಂಭವನೀಯತೆಗಳನ್ನು ಹೀಗೆ ಗುಣಿಸುವುದು, ಒಂದು ಕಾಳಿನ ಗತಿಯು ಇನ್ನೊಂದರ ಗತಿಯನ್ನು ಸೂಚಿಸದಿದ್ದಾಗ ಮಾತ್ರ ಸರಿ. ಇಂಥ ಘಟನೆಗಳಿಗೆ ಸ್ವತಂತ್ರ ಘಟನೆಗಳೆನ್ನುವರು. ಬಿತ್ತಿದ ಮರುದಿನ ಜಡಿಮಳೆ ಹೊಡೆದು ಎರೆ ಹೊಲದಲ್ಲಿ ನೀರು ನಿಂತರೆ ಒಂದು ಗುಣಿಯ ಕಾಳುಗಳೆಲ್ಲ ಒಟ್ಟಿಗೆ ಕೊಳೆಯುವವು. ಮಳೆ ಕೈಕೊಟ್ಟರೆ ಒಟ್ಟಿಗೆ ಒಣಗುವವು. ಆಗ ಎರಡಲ್ಲ, ಹತ್ತು ಕಾಳು ಹಾಕಿದರೂ 1/16 ಎಂಬ ಲೆಕ್ಕ ನಡೆಯದು. ಕಾಳಿಗೆ ಕಾಳು ಆಸರೆಯಾಗುವುದು ಕಾಳಿನೊಳಗಿನ ದೋಷಕ್ಕೆ ಮಾತ್ರ. ನೆಲ ಮುಗಿಲುಗಳ ದೋಷಕ್ಕಲ್ಲ. ಈ ಭಾಗದಲ್ಲಿ ತೊಗರಿಯ ಸಂಗಡ ಹೆಸರು, ಉದ್ದು, ಸಜ್ಜೆಗಳನ್ನು ಅಕ್ಕಡಿ ಹಾಕುವವರು ಈ ಭೇದವನ್ನು ಪುಸ್ತಕವಿಲ್ಲದೆ ಬಲ್ಲರು: ಬೇರೆಬೇರೆ ಕಾಲಕ್ಕೆ ಕೊಯ್ಲಿಗೆ ಬರುವ ಪೈರುಗಳು ಒಂದೇ ಕಾರಣದಿಂದ ಒಟ್ಟಿಗೆ ಕೆಡುವುದು ಕಡಿಮೆ.

ಇದಕ್ಕೆ ವಿರುದ್ಧವಾದ ಭ್ರಮೆಯೂ ಒಂದುಂಟು. “ಎರಡು ವರ್ಷ ಮಳೆ ಹೋಯಿತು, ಮೂರನೆಯ ವರ್ಷ ಬಂದೇ ತೀರಬೇಕು” ಎಂದು ಸಾಲ ತೆಗೆದು ಬಿತ್ತುವವರನ್ನು ಕಂಡಿದ್ದೇವೆ. ಐದು ಸಲ ತಲೆ ಬಿದ್ದ ನಾಣ್ಯಕ್ಕೆ ಆರನೆಯ ಸಲ ಹೂವು ಬೀಳಿಸುವ ಋಣವೇನೂ ಇರದು. ಮಳೆಯು ನಾಣ್ಯವಲ್ಲವೆಂಬುದು ಸರಿಯೇ. ಆದರೆ ಅದರ ಗತಿಯನ್ನು ತಿದ್ದುವ ಕಾರಣಗಳು ಬೇರೆ. ಪೆಸಿಫಿಕ್ ಸಾಗರದ ನೀರು ಕಾದು ಎಲ್ ನಿನೋ ಎಂಬ ಸ್ಥಿತಿಯುಂಟಾದ ವರ್ಷ ಮುಂಗಾರು ಕುಂದುವ ಸಂಭವ ಹೆಚ್ಚುತ್ತದೆ. 2015 ಮತ್ತು 2023 ಅಂಥ ವರ್ಷಗಳಾಗಿದ್ದವು. 1997ರಲ್ಲಿ ಬಲವಾದ ಎಲ್ ನಿನೋ ಇದ್ದರೂ ದೇಶದ ಒಟ್ಟು ಮುಂಗಾರು ಕುಂದಲಿಲ್ಲ. ಸಂಭವ ಹೆಚ್ಚಿತೆಂದರೆ ಖಚಿತವಾಯಿತೆಂದು ಅರ್ಥವಲ್ಲ.

ಹೀಗೆ ಒಂದು ಸಂಗತಿ ತಿಳಿದ ಮೇಲೆ ಇನ್ನೊಂದರ ಸಂಭವನೀಯತೆಯು ಎಷ್ಟೆಂಬುದಕ್ಕೆ ಷರತ್ತಿನ ಸಂಭವನೀಯತೆಯೆನ್ನುತ್ತಾರೆ. ಕಲಬುರಗಿಯವರಿಗೆ ಇದನ್ನು ನೆಟೆರೋಗದ ಮೂಲಕ ವಿವರಿಸುವುದೇ ಸುಲಭ. 2022ರ ಹಂಗಾಮಿನಲ್ಲಿ ಹೂವು ಕಾಯಿಗಳ ಸಮಯದಲ್ಲಿ ಹೊಲಗಳು ನಿಂತಲ್ಲೇ ಒಣಗಿದ್ದನ್ನು ಜಿಲ್ಲೆಯು ಇನ್ನೂ ಮರೆತಿಲ್ಲ. ಈ ರೋಗದ ಬೂಷ್ಟು ಮಣ್ಣಿನಲ್ಲಿಯೂ ಹಳೆಯ ಕೂಳೆಯಲ್ಲಿಯೂ ವರ್ಷಗಟ್ಟಲೆ ಬದುಕಿರುತ್ತದೆ. ಲೆಕ್ಕಕ್ಕಾಗಿ ಒಂದು ಊರಿನಲ್ಲಿ 200 ಹೊಲಗಳಿವೆಯೆಂದು ಕಲ್ಪಿಸೋಣ. 80ರಲ್ಲಿ ತೊಗರಿಯ ಮೇಲೆ ತೊಗರಿ, 120ರಲ್ಲಿ ಜೋಳದ ಮೇಲೆ ತೊಗರಿ. ಮೊದಲಿನವುಗಳಲ್ಲಿ 32ಕ್ಕೆ, ಎರಡನೆಯವುಗಳಲ್ಲಿ 12ಕ್ಕೆ ರೋಗ ಬಿತ್ತೆನ್ನೋಣ. ಊರಿಗೆಲ್ಲ ಸೇರಿ ರೋಗದ ಪ್ರಮಾಣ 200ಕ್ಕೆ 44, ಅಂದರೆ ನೂರಕ್ಕೆ 22. ಆದರೆ ತೊಗರಿಯ ಮೇಲೆ ತೊಗರಿ ಹಾಕಿದವನಿಗೆ ಈ 22ರಿಂದ ಸಮಾಧಾನ ಸಿಗದು. ಅವನ ಪಾಲಿನ ಅಂಕಿ 80ಕ್ಕೆ 32, ಅಂದರೆ ನೂರಕ್ಕೆ 40. ಬೆಳೆ ಬದಲಿಸಿದವನದು ನೂರಕ್ಕೆ 10.

ಇದನ್ನೇ ತಿರುಗಿಸಿ ಓದುವವರೂ ಇದ್ದಾರೆ. ರೋಗ ಬಿದ್ದ 44 ಹೊಲಗಳಲ್ಲಿ 32 ತೊಗರಿಯ ಮೇಲಿನ ತೊಗರಿಯವಾದುದರಿಂದ, “ಹಾಗೆ ಬಿತ್ತಿದರೆ ನೂರಕ್ಕೆ 73 ರೋಗ” ಎಂದು ಹೆದರಿಸುವುದು ತಪ್ಪು. 73 ಎಂಬುದು ರೋಗ ಬಿದ್ದ ಹೊಲವು ಆ ಬಗೆಯದಾಗಿರುವ ಸಂಭವ. ಆ ಬಗೆಯ ಹೊಲಕ್ಕೆ ರೋಗ ಬೀಳುವ ಸಂಭವ 40. ಔಷಧ ಮಾರುವವರ ಕರಪತ್ರಗಳಲ್ಲಿ ಇಂಥ ತಿರುಗುಮುರುಗು ಅಂಕಿಗಳು ಆಗಾಗ ಕಾಣಸಿಗುವವು, ‘ಯಾವುದರಲ್ಲಿ ನೂರಕ್ಕೆ?’ ಎಂದು ಕೇಳದೆ ಅವನ್ನು ನಂಬಕೂಡದು.

ತಳಿಯೂ ಒಂದು ಷರತ್ತೇ. ನೆಟೆರೋಗವನ್ನು ತಡೆಯುವ ಮಾರುತಿ ಎಂಬ ತಳಿಯು 1986ರಲ್ಲಿ ಕರ್ನಾಟಕಕ್ಕೆ ಬಿಡುಗಡೆಯಾಯಿತು. ರಾಯಚೂರು ಕೃಷಿ ವಿಶ್ವವಿದ್ಯಾಲಯದ ಟಿ.ಎಸ್.-3ಆರ್ ಅದರ ಮೇಲೆ ಬಂದುದು. ತಳಿ, ಹಿಂದಿನ ಬೆಳೆ, ರೋಗ ಬಿದ್ದ ಗಿಡಗಳ ಸಂಖ್ಯೆ, ಎಣಿಸಿದ ಒಟ್ಟು ಗಿಡಗಳ ಸಂಖ್ಯೆ, ಈ ನಾಲ್ಕನ್ನು ಪ್ರತಿ ಹೊಲಕ್ಕೂ ವರ್ಷಕ್ಕೊಮ್ಮೆ ಬರೆದಿಟ್ಟರೆ ಮೇಲಿನ ಕಲ್ಪನೆಯ ಅಂಕಿಗಳ ಜಾಗದಲ್ಲಿ ಸ್ವಂತ ಊರಿನ ಅಂಕಿಗಳನ್ನಿಟ್ಟು ನೋಡಬಹುದು. ಎಣಿಸುವ ಗಿಡಗಳನ್ನು ಬದುವಿನ ಅಂಚಿನಿಂದ ಆರಿಸಬಾರದು, ಒಣಗಿದ್ದು ಕಂಡಲ್ಲಿಗೇ ಹೋಗಬಾರದು. ಸಾಲಿನ ಸಂಖ್ಯೆಯನ್ನು ಚೀಟಿ ಎತ್ತಿ ಗೊತ್ತುಮಾಡಿ, ಆ ಸಾಲನ್ನು ತುದಿಯಿಂದ ತುದಿಯವರೆಗೆ ಎಣಿಸತಕ್ಕದ್ದು. ಬೆಳೆವಿಮೆಗಾಗಿ ಕಟಾವು ಪ್ರಯೋಗ ಮಾಡುವಾಗ ಹೊಲವನ್ನೂ ಅದರೊಳಗಿನ ಜಾಗವನ್ನೂ ಯಾದೃಚ್ಛಿಕ ಸಂಖ್ಯೆಗಳಿಂದಲೇ ಆರಿಸುವುದು ಇದೇ ಕಾರಣದಿಂದ. ಎಣಿಕೆಯನ್ನು ಹೂವಾಡುವಾಗ ಒಮ್ಮೆ, ಕಾಯಿ ಬಲಿಯುವಾಗ ಒಮ್ಮೆ ಮಾಡಿದರೆ ಸಾಕು.