ಬಸ್‌ಬ್ರಿಜ್ ಚರ್ಚಿನಂಗಳದ ಯುದ್ಧಶಿಲುಬೆ : ಹಿನ್ನೆಲೆ ಮತ್ತು ವಿನ್ಯಾಸ

ಇಂಗ್ಲೆಂಡಿನ ಆಗ್ನೇಯ ಭಾಗದ ಸರ್ರೆ ಪ್ರಾಂತದಲ್ಲಿ, ಗಾಡಲ್ಮಿಂಗ್ ಪಟ್ಟಣಕ್ಕೆ ಹೊಂದಿಕೊಂಡಂತೆ ಬಸ್‌ಬ್ರಿಜ್ ಎಂಬ ಚಿಕ್ಕ ಊರಿದೆ. ಅಲ್ಲಿನ ಸ್ನಾನಿಕ ಯೋಹಾನನ ಹೆಸರಿನ ಚರ್ಚಿನ ಅಂಗಳದಲ್ಲಿ ಮೊದಲನೆಯ ಮಹಾಯುದ್ಧದಲ್ಲಿ ಮಡಿದವರ ನೆನಪಿಗಾಗಿ ನಿಲ್ಲಿಸಿದ ಎತ್ತರವಾದ ಕಲ್ಲಿನ ಶಿಲುಬೆಯೊಂದಿದೆ. ಇದು 1922ರಲ್ಲಿ ಅನಾವರಣಗೊಂಡಿತು. ಇದರ ವಾಸ್ತುಶಿಲ್ಪಿ ಹೊಸ ದೆಹಲಿಯ ನಿರ್ಮಾಣದ ಮೂಲಕ ಭಾರತೀಯರಿಗೆ ಚಿರಪರಿಚಿತನಾದ ಸರ್ ಎಡ್ವಿನ್ ಲುಟಿಯನ್ಸ್ (1869–1944). ರಾಷ್ಟ್ರಪತಿ ಭವನ, ಇಂಡಿಯಾ ಗೇಟ್‌ಗಳಂತಹ ಬೃಹತ್ ಕೃತಿಗಳ ಕರ್ತೃವಿನಿಂದ ಒಂದು ಹಳ್ಳಿಯ ಚರ್ಚಿನಂಗಳಕ್ಕೆ ಈ ಶಿಲುಬೆ ದೊರೆತುದು ಆಕಸ್ಮಿಕವೇನಲ್ಲ.

ಲುಟಿಯನ್ಸ್ ತನ್ನ ಬಾಲ್ಯವನ್ನು ಕಳೆದುದು ಸರ್ರೆಯ ಥರ್ಸ್‌ಲಿ ಎಂಬ ಹಳ್ಳಿಯಲ್ಲಿ. ಇಪ್ಪತ್ತು ವರ್ಷದ ತರುಣನಾಗಿದ್ದಾಗ, 1889ರಲ್ಲಿ, ಉದ್ಯಾನ ವಿನ್ಯಾಸಕಿ ಗರ್ಟ್ರೂಡ್ ಜೀಕಲ್ (1843–1932) ಅವರ ಪರಿಚಯ ಅವನಿಗಾಯಿತು. ವಯಸ್ಸಿನಲ್ಲಿ ತನಗಿಂತ ಬಹಳ ಹಿರಿಯರಾದ ಈ ಮಹಿಳೆಯಿಂದ ಆತ ಸ್ಥಳೀಯ ಕಲ್ಲು, ಮರ, ಹೆಂಚುಗಳ ಗುಣವನ್ನೂ ಹಳೆಯ ಕಸುಬುದಾರರ ಕೈಚಳಕವನ್ನೂ ಅರಿತುಕೊಂಡನು. ಬಸ್‌ಬ್ರಿಜ್‌ನಲ್ಲಿ ಆಕೆಗಾಗಿ ಆತ ಕಟ್ಟಿದ ಮನ್‌ಸ್ಟೆಡ್ ವುಡ್ ಎಂಬ ಮನೆ (1896–97) ಅವನಿಗೆ ಮೊದಲ ಖ್ಯಾತಿಯನ್ನು ತಂದಿತು. ಅದೇ ಊರಿನ ಚರ್ಚಿನ ಒಳಗೂ ಅವನ ವಿನ್ಯಾಸದ ತೆರೆಯೊಂದಿದೆ. ಹೀಗೆ ಯುದ್ಧಕ್ಕೆ ಮುಂಚಿನಿಂದಲೂ ಈ ಊರಿಗೆ ಆತ ತನ್ನವನೇ ಆಗಿದ್ದನು.

ಲಂಡನ್ನಿನ ವೈಟ್‌ಹಾಲ್ ಬೀದಿಯ ಪ್ರಸಿದ್ಧ ಸ್ಮಾರಕವಾದ ‘ಸೆನೊಟಾಫ್’ನ ಹೆಸರಿಗೂ ಈ ಊರಿಗೂ ಒಂದು ನಂಟು ಇರುವುದು ಕುತೂಹಲಕರ. ಮನ್‌ಸ್ಟೆಡ್ ವುಡ್ ತೋಟದಲ್ಲಿ ಭಾರವಾದ ಮರದ ದಿಮ್ಮಿಯಿಂದ ಮಾಡಿದ ಒಂದು ಆಸನವಿತ್ತು. ಅದರ ಗಾಂಭೀರ್ಯವನ್ನು ಕಂಡ ಗೆಳೆಯರೊಬ್ಬರು ವಿನೋದಕ್ಕಾಗಿ ಅದನ್ನು ‘ಸಿಗಿಸ್ಮುಂಡಾಳ ಸೆನೊಟಾಫ್’ ಎಂದು ಕರೆದರು. ಗ್ರೀಕ್ ಮೂಲದ ಈ ಪದಕ್ಕೆ ಬರಿದಾದ ಸಮಾಧಿ, ಎಂದರೆ ದೇಹವು ಬೇರೆಲ್ಲೋ ಇರುವವರ ಸಮಾಧಿ ಎಂದರ್ಥ. ಅಂದು ಕಿವಿಗೆ ಬಿದ್ದ ಪದವು 1919ರಲ್ಲಿ ವಿಜಯೋತ್ಸವದ ಮೆರವಣಿಗೆಗಾಗಿ ಮರ ಹಾಗೂ ಗಾರೆಯಲ್ಲಿ ತಾತ್ಕಾಲಿಕ ಸ್ಮಾರಕವನ್ನು ರೂಪಿಸುವಾಗ ಲುಟಿಯನ್ಸನ ನೆನಪಿಗೆ ಬಂದಿತು. ಜನರ ಒತ್ತಾಯದಿಂದ ಅದೇ ರೂಪವನ್ನು ಪೋರ್ಟ್‌ಲೆಂಡ್ ಶಿಲೆಯಲ್ಲಿ ಮರಳಿ ಕಟ್ಟಿ 1920ರ ನವೆಂಬರ್ 11ರಂದು ಅನಾವರಣಗೊಳಿಸಲಾಯಿತು.

ಬರಿದಾದ ಸಮಾಧಿಯ ಕಲ್ಪನೆ ಅಂದಿನ ಜನಮನವನ್ನು ಅಷ್ಟು ಆಳವಾಗಿ ತಟ್ಟಿದುದೇಕೆ ಎಂಬುದನ್ನು ತಿಳಿಯದೆ ಹಳ್ಳಿಹಳ್ಳಿಗಳ ಚರ್ಚಿನಂಗಳದಲ್ಲಿ ಎದ್ದ ಶಿಲುಬೆಗಳ ಅರ್ಥವಾಗದು. ರಣರಂಗದಲ್ಲಿ ಮಡಿದವರ ದೇಹಗಳನ್ನು ತಾಯ್ನಾಡಿಗೆ ತರುವುದನ್ನು ಬ್ರಿಟಿಷ್ ಅಧಿಕಾರಿಗಳು 1915ರಲ್ಲಿ ನಿಷೇಧಿಸಿದರು. ಯುದ್ಧ ಮುಗಿದ ಮೇಲೂ ಆ ನಿರ್ಧಾರ ಬದಲಾಗಲಿಲ್ಲ. ಸಿರಿವಂತರ ಮಕ್ಕಳು ಮಾತ್ರ ಮನೆಗೆ ಬಂದು ಬಡವರ ಮಕ್ಕಳು ಪರದೇಶದಲ್ಲಿ ಉಳಿಯುವಂತಾಗಬಾರದು ಎಂಬ ಸಮಾನತೆಯ ವಿಚಾರ ಇದರ ಹಿಂದಿತ್ತು. ವಿಚಾರ ನ್ಯಾಯವಾದುದೇ. ಆದರೆ ಮಗನ ಗೋರಿಯ ಮೇಲೆ ಒಂದು ಹೂವಿಡಲೂ ಅವಕಾಶವಿಲ್ಲದ ತಾಯಂದಿರಿಗೆ ಅದು ಸಮಾಧಾನ ನೀಡಲಿಲ್ಲ. ಮೂವರು ಗಂಡುಮಕ್ಕಳನ್ನು ಕಳೆದುಕೊಂಡ ಲೇಡಿ ಫ್ಲಾರೆನ್ಸ್ ಸೆಸಿಲ್ 1919ರಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಜನರ ಸಹಿಯುಳ್ಳ ಮನವಿಯನ್ನು ಯುವರಾಜನಿಗೆ ಸಲ್ಲಿಸಿದರು. ಗೋರಿಯ ಮೇಲೆ ಏಕರೂಪದ ಚಪ್ಪಡಿಗಳ ಬದಲು ಶಿಲುಬೆಯನ್ನಿಡಲು ಅನುಮತಿ ನೀಡಬೇಕೆಂಬುದಷ್ಟೇ ಅದರ ಬೇಡಿಕೆ. 1920ರ ಮೇ 4ರಂದು ಕಾಮನ್ಸ್ ಸಭೆಯಲ್ಲಿ ಈ ಕುರಿತು ಚರ್ಚೆ ನಡೆದು, ಚಪ್ಪಡಿಗಳೇ ಉಳಿದವು. ಊರಿನ ಅಂಗಳದಲ್ಲಿ ನಿಂತ ಶಿಲುಬೆಯು ಹೀಗೆ ದೂರದ ಗೋರಿಗೆ ಬದಲಿಯಾಯಿತು.

ಲುಟಿಯನ್ಸನ ನಿಲುವಿನಲ್ಲಿ ಒಂದು ವೈರುಧ್ಯ ಕಾಣುವುದು ಇಲ್ಲಿಯೇ. 1917ರಲ್ಲಿ ಸ್ಥಾಪಿತವಾದ ಸಾಮ್ರಾಜ್ಯದ ಯುದ್ಧಸಮಾಧಿ ಆಯೋಗದ ಮುಖ್ಯ ವಾಸ್ತುಶಿಲ್ಪಿಗಳಲ್ಲಿ ಒಬ್ಬನಾಗಿ ಆತ ಶಿಲುಬೆಯನ್ನು ಒಪ್ಪಿರಲಿಲ್ಲ. ಮಡಿದವರಲ್ಲಿ ಹಿಂದೂಗಳು, ಮುಸ್ಲಿಮರು, ಸಿಖ್ಖರು, ಯೆಹೂದ್ಯರು, ಯಾವ ಧರ್ಮವನ್ನೂ ನಂಬದವರು ಎಲ್ಲರೂ ಇದ್ದರು. ಮೈಸೂರು ಸಂಸ್ಥಾನದ ಲಾನ್ಸರ್ ಅಶ್ವಪಡೆಯು 1918ರಲ್ಲಿ ಹೈಫಾದಲ್ಲಿ ಹೋರಾಡಿದ್ದುದು ಇದೇ ಯುದ್ಧದಲ್ಲಿ. ಎಲ್ಲರಿಗೂ ಸಲ್ಲುವಂತೆ ಆತ ಸೂಚಿಸಿದ್ದು ಯಾವ ಮತಚಿಹ್ನೆಯೂ ಇಲ್ಲದ, ವೇದಿಕೆಯಂತಹ ಉದ್ದನೆಯ ಸ್ಮರಣಶಿಲೆಯನ್ನು. ಸಹೋದ್ಯೋಗಿ ರೆಜಿನಾಲ್ಡ್ ಬ್ಲೂಮ್‌ಫೀಲ್ಡ್ ಕಂಚಿನ ಖಡ್ಗವನ್ನು ಹೊತ್ತ ‘ತ್ಯಾಗಶಿಲುಬೆ’ಯನ್ನು ರಚಿಸಿದನು. ಕೊನೆಗೆ ಆಯೋಗವು ಎರಡನ್ನೂ ಸ್ವೀಕರಿಸಿತು. ಸೆನೊಟಾಫ್‌ನಲ್ಲಾಗಲಿ, 1931ರಲ್ಲಿ ಉದ್ಘಾಟನೆಗೊಂಡ ಇಂಡಿಯಾ ಗೇಟ್‌ನಲ್ಲಾಗಲಿ ಶಿಲುಬೆಯಿಲ್ಲ. ಆದರೂ ಇದೇ ವಾಸ್ತುಶಿಲ್ಪಿ 1920ರಿಂದ 1925ರ ಅವಧಿಯಲ್ಲಿ ಇಂಗ್ಲೆಂಡಿನ ಊರುಗಳಿಗಾಗಿ 15 ಯುದ್ಧಶಿಲುಬೆಗಳನ್ನು ರೂಪಿಸಿದನು. ಇದನ್ನು ಚಂಚಲತೆ ಎನ್ನುವುದು ಸರಿಯಾಗದು. ನಾನಾ ಧರ್ಮದವರು ಒಟ್ಟಿಗೆ ಮಲಗಿರುವ ಪರದೇಶದ ಸ್ಮಶಾನಕ್ಕೂ, ಒಂದೇ ಚರ್ಚಿಗೆ ಸೇರಿದ ಮನೆಗಳ ಮಕ್ಕಳನ್ನು ನೆನೆಯುವ ಅಂಗಳಕ್ಕೂ ಇರುವ ಅಂತರವನ್ನು ಆತ ಬಲ್ಲವನಾಗಿದ್ದನು. ಆದರೆ ಹಳ್ಳಿಯಲ್ಲಿಯೂ ಎಲ್ಲರದೂ ಒಂದೇ ಪಂಥವಾಗಿರಲಿಲ್ಲ. ಮೆಥಡಿಸ್ಟ್ ಮೊದಲಾದ ಬೇರೆ ಪಂಥದವರಿದ್ದ ಅನೇಕ ಊರುಗಳಲ್ಲಿ ಸ್ಮಾರಕವು ಚರ್ಚಿನಂಗಳದಲ್ಲಿರಬೇಕೋ ಊರ ಬಯಲಿನಲ್ಲಿರಬೇಕೋ ಎಂಬ ವಾದ ತೀವ್ರವಾಗಿ ನಡೆದಿತ್ತು. ಸರ್ಕಾರ ಇದಕ್ಕೆ ಹಣ ಕೊಡುತ್ತಿರಲಿಲ್ಲ. ಜನರೇ ಚಂದಾ ಎತ್ತಿ ಕಟ್ಟಿಸುತ್ತಿದ್ದುದರಿಂದ ಮಾತು ಹೇಳುವ ಹಕ್ಕೂ ಎಲ್ಲರದಾಗಿತ್ತು.

ವಿನ್ಯಾಸದ ದೃಷ್ಟಿಯಿಂದ ಬಸ್‌ಬ್ರಿಜ್‌ನ ಶಿಲುಬೆ ಉಳಿದ ಹದಿನಾಲ್ಕರ ಬಳಗಕ್ಕೆ ಸೇರಿದುದೇ. ಮೆಟ್ಟಿಲುಗಳ ಪೀಠ, ಅದರ ಮೇಲೆ ನೀಳವಾಗಿ ಏರುತ್ತ ಮೇಲೆ ಹೋದಂತೆ ಕಿರಿದಾಗುವ ಕಂಬ, ತುದಿಗೆ ತೀರ ಸಮೀಪದಲ್ಲಿ ಗಿಡ್ಡನೆಯ ಎರಡು ತೋಳು. ಕಂಬದ ಅಡ್ಡಕೊಯ್ತ ಚೌಕವಲ್ಲ, ವಜ್ರಾಕೃತಿ. ಇದರಿಂದ ನೋಡುವವನ ಎದುರಿಗೆ ಸಪಾಟಾದ ಮುಖದ ಬದಲು ಏಣು ಬರುತ್ತದೆ. ಬಿಸಿಲು ಒಂದು ಬದಿಗೆ ಬಿದ್ದಾಗ ಇನ್ನೊಂದು ಬದಿ ನೆರಳಾಗಿ, ಅಲಂಕಾರವೇ ಇಲ್ಲದ ಕಲ್ಲಿಗೆ ಜೀವ ಬರುತ್ತದೆ. ತೋಳುಗಳು ಗಿಡ್ಡವಾದುದರಿಂದ ದೂರದಿಂದ ಶಿಲುಬೆಗಿಂತ ಮೊದಲು ಒಂದು ಕಂಬವೇ ಕಣ್ಣಿಗೆ ಬೀಳುತ್ತದೆ. ಶಿಲುಬೆಯನ್ನು ಒಪ್ಪಿಕೊಂಡೂ ಅದನ್ನು ಅಮೂರ್ತದ ಕಡೆಗೆ ಎಳೆದ ಜಾಣ್ಮೆ ಇದು. ಸೆನೊಟಾಫ್‌ನ ಲಂಬರೇಖೆಗಳು ಸುಮಾರು ಸಾವಿರ ಅಡಿ ಎತ್ತರದಲ್ಲಿ ಕೂಡುವಷ್ಟು ಸೂಕ್ಷ್ಮವಾಗಿ ಒಳಕ್ಕೆ ಬಾಗಿವೆ ಎಂಬುದನ್ನು ನೆನೆದರೆ ಈ ಕಂಬದ ಕಿರಿದಾಗುವಿಕೆಯೂ ಅದೇ ಕೈಯದೆಂದು ಗುರುತಿಸಬಹುದು. ಸೈನಿಕನ ಪ್ರತಿಮೆಯಾಗಲಿ, ಯುದ್ಧದ ದೃಶ್ಯವಾಗಲಿ, ಖಡ್ಗವಾಗಲಿ ಇಲ್ಲಿಲ್ಲ. ಕಾದಾಟದಿಂದ ಕೈಲಾಸದವರೆಗಿನ ಕಥೆಯನ್ನು ಹಂತಹಂತವಾಗಿ ಕಂಡರಿಸುವ ನಮ್ಮ ವೀರಗಲ್ಲುಗಳನ್ನು ಕಂಡ ಕಣ್ಣಿಗೆ ಈ ಮೌನ ಅಪರಿಚಿತವೆನಿಸಬಹುದು.

ಜೀಕಲ್ ಅವರೂ ಯುದ್ಧಸಮಾಧಿ ಆಯೋಗಕ್ಕಾಗಿ ಉತ್ತರ ಫ್ರಾನ್ಸಿನ ಕೆಲವು ಸ್ಮಶಾನಗಳಿಗೆ ಹೂಗಿಡಗಳ ಯೋಜನೆಯನ್ನು ಸಿದ್ಧಪಡಿಸಿಕೊಟ್ಟಿದ್ದರು. ಗೋರಿಗಳ ಮುಂದೆ ಇಂಗ್ಲಿಷ್ ತೋಟದ ಹೂಗಳಿರಬೇಕೆಂಬ ಆಯೋಗದ ಪದ್ಧತಿಯ ಹಿಂದೆ ಆಕೆಯ ಅಭಿರುಚಿಯಿದೆ. 1932ರ ಡಿಸೆಂಬರಿನಲ್ಲಿ ಆಕೆ ತೀರಿಕೊಂಡಾಗ ಇದೇ ಬಸ್‌ಬ್ರಿಜ್ ಅಂಗಳದಲ್ಲಿ ಮಣ್ಣುಮಾಡಲಾಯಿತು. ಆ ಕುಟುಂಬದ ಸಮಾಧಿಯ ವಿನ್ಯಾಸವೂ ಲುಟಿಯನ್ಸನದೇ. ಕಲಾವಿದೆ, ತೋಟಗಾರ್ತಿ, ಕುಶಲಕರ್ಮಿ ಎಂಬ ಮೂರು ಮಾತುಗಳಲ್ಲಿ ಆಕೆಯ ಪರಿಚಯ ಮುಗಿದಿದೆ. ಅದೇ ವರ್ಷದ ಆಗಸ್ಟ್ 1ರಂದು ಫ್ರಾನ್ಸಿನ ಥೀಪ್‌ವಾಲ್‌ನಲ್ಲಿ, ದೇಹವೇ ದೊರೆಯದ 72,000ಕ್ಕೂ ಹೆಚ್ಚು ಸೈನಿಕರ ಹೆಸರುಗಳನ್ನು ಹೊತ್ತ ಅವನ ಮಹಾಸ್ಮಾರಕ ಅನಾವರಣಗೊಂಡಿತ್ತು.

ಇನ್ನು ರಕ್ಷಣೆಯ ವಿಚಾರ. ಇಂಗ್ಲೆಂಡಿನಲ್ಲಿ ಐತಿಹಾಸಿಕ ಮಹತ್ವದ ಕಟ್ಟಡಗಳನ್ನು ಒಂದನೆಯ ದರ್ಜೆ, ತಾರಾಂಕಿತ ಎರಡನೆಯ ದರ್ಜೆ, ಎರಡನೆಯ ದರ್ಜೆ ಎಂದು ವಿಂಗಡಿಸಿ ರಕ್ಷಿತ ಪಟ್ಟಿಗೆ ಸೇರಿಸುತ್ತಾರೆ. 2015ರ ನವೆಂಬರಿನಲ್ಲಿ ‘ಹಿಸ್ಟಾರಿಕ್ ಇಂಗ್ಲೆಂಡ್’ ಸಂಸ್ಥೆಯು ಆ ದೇಶದಲ್ಲಿರುವ ಲುಟಿಯನ್ಸನ 44 ಯುದ್ಧಸ್ಮಾರಕಗಳನ್ನು ಒಂದು ರಾಷ್ಟ್ರೀಯ ಸಂಗ್ರಹವೆಂದು ಪರಿಗಣಿಸಿ ಎಲ್ಲಕ್ಕೂ ರಕ್ಷಣೆ ನೀಡಿತು. ಬಸ್‌ಬ್ರಿಜ್‌ನ ಶಿಲುಬೆಗೆ ತಾರಾಂಕಿತ ಎರಡನೆಯ ದರ್ಜೆಯ ಸ್ಥಾನವಿದೆ. ಚರ್ಚಿನಂಗಳದಲ್ಲಿ ನಿಂತು, ಪ್ರತ್ಯೇಕವಾಗಿ ಪಟ್ಟಿಗೂ ಸೇರಿದ ಇಂತಹ ಸ್ಮಾರಕಕ್ಕೆ ಇಬ್ಬರು ಒಡೆಯರು. ಅದರ ಸ್ವರೂಪಕ್ಕೆ ತಟ್ಟುವ ಕೆಲಸವನ್ನು ಕೈಗೊಳ್ಳಬೇಕಾದರೆ ಸ್ಥಳೀಯ ಆಡಳಿತದ ಒಪ್ಪಿಗೆಯ ಜೊತೆಗೆ ಧರ್ಮಪ್ರಾಂತದ ನ್ಯಾಯಾಧಿಕಾರಿಯ ಅನುಮತಿಯೂ ಬೇಕು. ಕಂಚಿನ ಫಲಕಗಳಿರುವ ಸ್ಮಾರಕಗಳಿಗೆ ಲೋಹದ ಕಳ್ಳರ ಭಯವಾದರೆ ಕಲ್ಲಿನ ಶಿಲುಬೆಗಳ ಶತ್ರುಗಳು ಮಳೆ ಮತ್ತು ಹಿಮ. ಅವುಗಳಿಗಿಂತ ಮಿಗಿಲಾಗಿ, ಸದುದ್ದೇಶದಿಂದಲೇ ಕಲ್ಲನ್ನು ಉಜ್ಜಿ ತೊಳೆಯುವ ಕೈಗಳು. ಮರಳು ಊದಿ ಅಥವಾ ನೀರನ್ನು ರಭಸದಿಂದ ಚಿಮ್ಮಿಸಿ ತೊಳೆದರೆ ಮೇಲ್ಪದರ ಸವೆದು ಕೆತ್ತಿದ ಅಕ್ಷರಗಳ ಅಂಚು ಅಳಿಯುತ್ತದೆ. ಆದುದರಿಂದಲೇ ಕಲ್ಲಿಗೆ ಹತ್ತಿದ ಕಲ್ಲುಹೂವನ್ನು ಹಾನಿಯಿಲ್ಲದಿದ್ದಲ್ಲಿ ಹಾಗೆಯೇ ಬಿಡುವುದು ಲೇಸೆಂದು ಸಂರಕ್ಷಕರು ಹೇಳುತ್ತಾರೆ.